245 ಕೊಂಡು ಅಂಚಿನಲ್ಲಿ ಓಡುವವರು

ಕಾರಿಗೆ ಅಗಲವಾದ ಟಯರ್ ಯಾಕೆ ಹಾಕಿಸುತ್ತಾರೆ? ರಸ್ತೆಗೆ ರಬ್ಬರ್ ಜಾಸ್ತಿ ತಾಗಲಿ, ಹಿಡಿತ ಸಿಗಲಿ ಅಂತ. ಸರಿ. ಆಮೇಲೆ ಅದೇ ಕಾರನ್ನು ಸ್ಪ್ರಿಂಗ್ ಬದಲಿಸಿ ನೆಲಕ್ಕೆ ಅಂಟುವಷ್ಟು ಇಳಿಸುತ್ತಾರೆ. ಇಳಿಸಿದ ಮೇಲೆ ಅಗಲದ ಟಯರ್ ಫೆಂಡರಿಗೆ, ಅಂದರೆ ಚಕ್ರದ ಮೇಲಿನ ತಗಡಿಗೆ, ಉಜ್ಜುತ್ತದೆ. ಉಜ್ಜದಿರಲಿ ಅಂತ ಚಕ್ರದ ತಲೆಯನ್ನು ಒಳಕ್ಕೆ ವಾಲಿಸುತ್ತಾರೆ. ಈ ವಾಲಿಕೆಗೆ ಕ್ಯಾಂಬರ್ ಅನ್ನುತ್ತಾರೆ; ಒಳಕ್ಕೆ ವಾಲಿದರೆ ಮೈನಸ್. ಅದು ಮೈನಸ್ 1.5, 2 ಡಿಗ್ರಿ ಇದ್ದರೆ ತಿರುವಿನಲ್ಲಿ ಉಪಯೋಗವಿದೆ. ಇವರದು ಮೈನಸ್ 8, ಮೈನಸ್ 10! ಈಗ 245 ಮಿಲಿಮೀಟರ್ ಅಗಲದ ಟಯರಿನಲ್ಲಿ ದುಡಿಯುವುದು ಒಳಗಿನ ಅಂಚು ಮಾತ್ರ. ಉಳಿದ ರಬ್ಬರ್ ಗಾಳಿ ಕುಡಿಯುತ್ತಾ ತಿರುಗುತ್ತದೆ. ಅದಕ್ಕೂ ದುಡ್ಡು ಕೊಟ್ಟಾಗಿದೆ.

ಇಂಥ ಕಾರು ಚಕ್ರಗಳ ಕೋನ ಸರಿ ಮಾಡಿಸಲು ಅಲೈನ್‌ಮೆಂಟಿಗೆ ಬರುತ್ತದೆ.

"ಅಣ್ಣಾ, ಸ್ಕ್ರೀನಲ್ಲಿ ಎಲ್ಲಾ ಹಸಿರು ಬರಬೇಕು."

"ಹಸಿರು ಬೇಕಂದ್ರೆ ಹಳೇ ಸ್ಪ್ರಿಂಗ್ ತಗೊಂಡು ಬನ್ನಿ ಸಾರ್."

ಮೆಕ್ಯಾನಿಕ್ ಹೇಳಿದ್ದು ಸರಿಯೇ. ಹಸಿರು ಅಂದರೆ ಕೋನ ಸರಿ ಇದೆ ಅಂತ; ಆದರೆ ಅದು ಕಂಪನಿ ಇಟ್ಟ ಎತ್ತರದ ಲೆಕ್ಕ. ಎಷ್ಟೋ ಕಾರುಗಳಲ್ಲಿ ತಿರುಗಿಸಿ ಸರಿ ಮಾಡಲು ಇರುವುದು ಮುಂದಿನ ಚಕ್ರಗಳ ಟೋ ಒಂದೇ, ಅಂದರೆ ಮೇಲಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿ ನಿಂತ ಕೋನ. ಕ್ಯಾಂಬರ್ ಸರಿ ಮಾಡಬೇಕಾದರೆ ಬೇರೆ ಬೋಲ್ಟ್, ಬೇರೆ ಆರ್ಮ್ ಹಾಕಬೇಕು. ಅದಕ್ಕೆ ಮಾತ್ರ ದುಡ್ಡಿಲ್ಲ, ರಿಮ್ಮಿಗೇ ಖಾಲಿಯಾಗಿದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ಪಾಪ, ಟಯರ್ ಸವೆದರೆ ಎಲ್ಲರೂ ಬೈಯುವುದು ಕ್ಯಾಂಬರನ್ನು. ಎದ್ದು ಕಾಣುವುದು ಅದೇ ಅಲ್ವಾ? ದೊಡ್ಡ ಕಳ್ಳ ಟೋ. ಕಾರು ಇಳಿದಾಗ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ಕೋನ ಬದಲಾಗಿ ಟೋ ತಾನಾಗಿಯೇ ಜಾರಿರುತ್ತದೆ. ಚಕ್ರ 1 ಡಿಗ್ರಿ ಅಡ್ಡ ನಿಂತರೆ ಸಾಕು, ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರ್ ಪಕ್ಕಕ್ಕೆ ಉಜ್ಜಿಕೊಂಡೇ ಹೋಗುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನ ಹಾಗೆ ಟಯರ್ ಸವೆಯುತ್ತದೆ.

ಹೇಗೋ ಟೋ ಸರಿಯಾಯಿತು ಅನ್ನಿ. ಅಲೈನ್‌ಮೆಂಟ್ ಚೀಟಿ ಕೈಗೆ ಬಂದ ಮರುದಿನ ನಮ್ಮ ಹೀರೋ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಫೆಂಡರಿನ ಸಂದಿಗೆ ಬೆರಳಿಟ್ಟು ನೋಡುತ್ತಾನೆ. ಎರಡು ಬೆರಳು ಹೋಗುತ್ತಿದೆಯಲ್ಲ! ಇನ್ನೊಂದು ಸುತ್ತು ಇಳಿಸುತ್ತಾನೆ. ಚೀಟಿ ಸುಮ್ನೆ ಕಾಗದವಾಯಿತು. ರಸ್ತೆಯ ಗಾಡಿಜಾಡಿನಲ್ಲಿ ಅಗಲದ ಟಯರ್ ಸ್ಟೀರಿಂಗನ್ನು ಅತ್ತಿತ್ತ ಎಳೆದರೆ, "ಅಲೈನ್‌ಮೆಂಟ್ ಮಾಡಿದವನಿಗೆ ಕೆಲಸ ಬರಲ್ಲ" ಎಂದು ತೀರ್ಪು.

ಕೆಲವು ತಿಂಗಳಲ್ಲಿ ಒಳ ಅಂಚಿನ ರಬ್ಬರ್ ಸವೆದು ಟಯರಿನೊಳಗಿನ ತಂತಿ ಇಣುಕುತ್ತದೆ. ಹೊರಗಿನಿಂದ ನೋಡಿದರೆ ಟಯರ್ ಹೊಚ್ಚ ಹೊಸದು. ಫೋಟೋ ತೆಗೆಯುವುದೂ ಹೊರಗಿನಿಂದಲೇ. ತಂತಿ ನೋಡಿದ ಮೇಲೆ ಅವನಿಗೆ ಹೊಳೆಯುವುದು ಒಂದೇ: 245 ಸಾಲಲಿಲ್ಲ, ಮುಂದಿನ ಸಲ 265.