ಸರಾಸರಿ ಒಂದನ್ನೇ ನೋಡಿದರೆ ಹೇಗೆ?
ಯರ್ಲಿಂಗ್, ಅಂದರೆ ಒಂದು ವರ್ಷದ ರೇಸ್ ಕುದುರೆ ಮರಿಗಳ ಹರಾಜಿನಲ್ಲಿ ಸರಾಸರಿ ಬೆಲೆ ಏರಿದೆ, ಕುದುರೆ ಸಾಕುವವರಿಗೆ ಒಳ್ಳೇ ಕಾಲ ಅಂತ ಬರೆದಿದ್ದೀರಿ. ಅಷ್ಟು ಸುಲಭ ಅಲ್ಲ ಸರ್. ನಾಲ್ಕು ಮರಿ ಕೋಟಿಗಟ್ಟಲೆಗೆ ಹೋದರೆ ಸರಾಸರಿ ತಾನಾಗಿ ಏರುತ್ತದೆ. ಮಾಲೀಕರು ಇಟ್ಟ ಕನಿಷ್ಠ ಬೆಲೆಯೂ ಬಾರದೆ ವಾಪಸ್ ಹೋದ ಮರಿಗಳೆಷ್ಟು? ಅದನ್ನೂ ಹೇಳಬೇಕಿತ್ತು ಅಲ್ವಾ?

ನಮ್ಮ ಗೋಣಿಕೊಪ್ಪದ ಕಡೆ ವ್ಯಾಪಾರಿ ಔಟ್‌ಟರ್ನ್ (ಹಣ್ಣಿನಿಂದ ಎಷ್ಟು ಬೀಜ ಸಿಗುತ್ತದೆ ಅನ್ನೋ ಲೆಕ್ಕ) ನೋಡಿ ಕಾಫಿ ಚೆರಿಗೆ, ಅಂದರೆ ಒಣಗಿಸಿದ ಕಾಫಿ ಹಣ್ಣಿಗೆ, ರೇಟು ಹೇಳುತ್ತಾನೆ. ಆದರೆ ಒಂದು ವರ್ಷದ ಕುದುರೆ ಮರಿ ಓಡಿದ್ದನ್ನು ಯಾರೂ ನೋಡಿಲ್ಲ. ಅಪ್ಪ ಅಮ್ಮ ಯಾರು, ಕಾಲು ನೆಟ್ಟಗಿದೆಯಾ, ನಡಿಗೆ ಹೇಗೆ, ಎಕ್ಸ್‌ರೇ ಏನು ಹೇಳುತ್ತದೆ, ಅಷ್ಟರ ಮೇಲೇ ದುಡ್ಡು. 1983ರಲ್ಲಿ ಅಮೆರಿಕದ ಕೆಂಟಕಿಯ ಕೀನ್‌ಲ್ಯಾಂಡ್‌ನಲ್ಲಿ 1.02 ಕೋಟಿ ಡಾಲರಿಗೆ ಹೋದ ಸ್ನಾಫಿ ಡ್ಯಾನ್ಸರ್ ಅನ್ನೋ ಮರಿ ಒಂದೇ ಒಂದು ರೇಸೂ ಓಡಲಿಲ್ಲ. ನಮ್ಮ ಚೆರಿ ಕೊನೇಪಕ್ಷ ಕಾಫಿಯಾದರೂ ಆಗುತ್ತದೆ!