ಪರವಾನಗಿ ಮಾಲೀಕನದು, ಶಿಕ್ಷೆ ನೌಕರನಿಗೆ

ಬ್ರಿಟನ್‌ನಲ್ಲಿ ವಿದೇಶಿ ನೌಕರರನ್ನು ಪ್ರಾಯೋಜಿಸುವ, ಅಂದರೆ ಸರ್ಕಾರದ ಪರವಾನಗಿ ಪಡೆದು ಕೆಲಸದ ವೀಸಾದ ಮೇಲೆ ಕರೆಸಿಕೊಳ್ಳುವ, ಸಣ್ಣ ಸಂಸ್ಥೆಗಳಿಗೆ ನಿಯಮಗಳೇ ಹೊರೆಯಾಗಿವೆ ಎಂದು ನಾನು ಓದಿದ ಲೇಖನವೊಂದರ ಲೇಖಕರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ನೌಕರ ಅನುಮತಿಯಿಲ್ಲದೆ ಸತತ 10ಕ್ಕಿಂತ ಹೆಚ್ಚು ಕೆಲಸದ ದಿನ ಗೈರಾದರೆ, ಸಂಬಳ ಇಳಿದರೆ, ಕೆಲಸದ ಸ್ಥಳ ಬದಲಾದರೆ ಸಂಸ್ಥೆ 10 ಕೆಲಸದ ದಿನಗಳೊಳಗೆ ಬ್ರಿಟನ್ನಿನ ಗೃಹ ಇಲಾಖೆಗೆ ತಿಳಿಸಬೇಕು. ಅವನ ವಿಳಾಸ, ಸಂಬಳದ ಚೀಟಿಗಳನ್ನು ಜೋಪಾನವಾಗಿ ಇಡಬೇಕು. ನೆಟ್ಟಗೆ ಲೆಕ್ಕ ಇಡುವ ಕಚೇರಿಗೆ ಇದೇನು ಮಹಾ ಕೆಲಸ?

ಲೇಖನದಲ್ಲಿ ಬಾರದ ಸಂಗತಿಯೇ ನನಗೆ ಹೆಚ್ಚು ನೋವು ತರುತ್ತದೆ. ಮಾಲೀಕ ನಿಯಮ ಮುರಿದು ಪರವಾನಗಿ ರದ್ದಾದರೆ, ಏನೂ ತಪ್ಪು ಮಾಡದ ನರ್ಸ್‌ ಒಬ್ಬಳ ವೀಸಾ ಸಾಮಾನ್ಯವಾಗಿ 60 ದಿನಕ್ಕೆ ಮೊಟಕಾಗುತ್ತದೆ. ಅಷ್ಟರೊಳಗೆ ಅವಳು ಬೇರೆ ಪ್ರಾಯೋಜಕರನ್ನು ಹುಡುಕಿ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಮಕ್ಕಳನ್ನು ಶಾಲೆ ಬಿಡಿಸಿ ಊರಿಗೆ ಮರಳಬೇಕು. ಇದು ಘೋರ ಅನ್ಯಾಯ.

ಮಂಗಳೂರಿನಿಂದ ಹೊರಡುವ ನಮ್ಮ ನರ್ಸ್‌ಗಳಿಗೆ ಒಂದು ಮಾತು: 2024ರ ಡಿಸೆಂಬರ್ 31ರಿಂದ ಪ್ರಾಯೋಜಕತ್ವ ಪ್ರಮಾಣಪತ್ರದ (ವೀಸಾ ಅರ್ಜಿಗಾಗಿ ಸಂಸ್ಥೆ ನೌಕರನಿಗೆ ಕೊಡುವ ದಾಖಲೆ) ಶುಲ್ಕವನ್ನು ಸಂಸ್ಥೆ ನಿಮ್ಮಿಂದ ವಸೂಲು ಮಾಡುವಂತಿಲ್ಲ. ವಿದೇಶಿ ನೌಕರರನ್ನು ಪ್ರಾಯೋಜಿಸಲು ಸಂಸ್ಥೆ ಸರ್ಕಾರಕ್ಕೆ ಕಟ್ಟುವ ವಲಸೆ ಕೌಶಲ ಶುಲ್ಕದ ಮಟ್ಟಿಗೆ ಆ ನಿಷೇಧ ಮೊದಲಿನಿಂದಲೂ ಇದೆ. ಯಾರು ಕೇಳಿದರೂ ಕೊಡಬೇಡಿ. ಸಂಸ್ಥೆಯ ಹೆಸರು ಬ್ರಿಟಿಷ್ ಸರ್ಕಾರದ ಜಾಲತಾಣದ ಪ್ರಾಯೋಜಕರ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ.