ಐದು ಪಾಲಿಕೆ, ಸೊನ್ನೆ ಕಾರ್ಪೊರೇಟರ್

ಬೆಂಗಳೂರಿನವರು ಪಾಲಿಕೆಗೆ ಕೊನೆಯ ಸಲ ವೋಟು ಹಾಕಿದ್ದು 2015ರ ಆಗಸ್ಟ್‌ನಲ್ಲಿ. ಅವತ್ತು ಅಪ್ಪನ ಸ್ಕೂಟರ್ ಮುಂದೆ ನಿಂತುಕೊಂಡು ಮತಗಟ್ಟೆ ನೋಡಲು ಬಂದಿದ್ದ ಎಂಟು ವರ್ಷದ ಹುಡುಗನಿಗೆ ಈಗ ಸ್ವಂತ ವೋಟರ್ ಐಡಿ ಬಂದಿದೆ. ಗೆದ್ದು ಬಂದ 198 ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಆಡಳಿತಾಧಿಕಾರಿ ಬಂದರು. ಅವರು ಹೋದರು, ಇನ್ನೊಬ್ಬರು ಬಂದರು. ಚುನಾವಣೆ ಮಾತ್ರ ಬರಲಿಲ್ಲ.

ಬರಲು ಅದಕ್ಕೂ ಪುರುಸೊತ್ತು ಬೇಕಲ್ವಾ? ಮೊದಲು ವಾರ್ಡ್ ಎಷ್ಟು ಅನ್ನುವುದು ತೀರ್ಮಾನ ಆಗಬೇಕು. 198 ಇದ್ದದ್ದು 243 ಆಯಿತು. ಅದು ಜಾಸ್ತಿ ಅನ್ನಿಸಿತು, 225 ಆಯಿತು. ಅದೂ ಯಾಕೋ ಸರಿ ಕಾಣಲಿಲ್ಲ, 369 ಆಯಿತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಂಧಿಬಜಾರಿನಲ್ಲಿ ಮಲ್ಲಿಗೆ ಮೊಳದ ರೇಟ್ ಕೂಡ ಇಷ್ಟು ಏರಿಳಿಯುವುದಿಲ್ಲ.

ಇಷ್ಟರಲ್ಲಿ ಪಾಲಿಕೆಯೇ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಬೋರ್ಡ್ ಇಳಿಸಿ ಐದು ಪಾಲಿಕೆಗಳ ಬೋರ್ಡ್ ಏರಿಸಿದರು. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಇವುಗಳ ತಲೆಯ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಅದರ ತಲೆಯ ಮೇಲೆ ಮುಖ್ಯಮಂತ್ರಿ. ಒಬ್ಬ ಕಮಿಷನರ್ ಇದ್ದ ಜಾಗದಲ್ಲಿ ಐದು ಜನ, ಅವರನ್ನು ನೋಡಿಕೊಳ್ಳಲು ಮುಖ್ಯ ಆಯುಕ್ತರು ಬೇರೆ. ಐದು ಆಫೀಸು, ಐದು ಸೀಲು. ಅಧಿಕಾರವನ್ನು ಜನರ ಹತ್ತಿರ ತಂದಿದ್ದೇವೆ ಎಂದರು. ತಂದದ್ದು ನಿಜವೇ ಇರಬಹುದು. ಆದರೆ ಆರಿಸಿ ಬಂದ ಕಾರ್ಪೊರೇಟರ್ ಬಿಬಿಎಂಪಿಯಲ್ಲಿ ಇದ್ದದ್ದು ಸೊನ್ನೆ. ಸೊನ್ನೆಯನ್ನು ಐದು ಪಾಲು ಮಾಡಿದರೆ ಒಂದೊಂದು ಪಾಲಿಕೆಗೆ ಎಷ್ಟು ಬರುತ್ತದೆ ಎಂದು ಮೂರನೇ ಕ್ಲಾಸಿನ ಮಗುವನ್ನು ಕೇಳಿ.

ಕೌನ್ಸಿಲ್ ಇದ್ದಾಗ ರಾಮರಾಜ್ಯ ಇತ್ತು ಅಂತ ನಾನು ಹೇಳುತ್ತಿಲ್ಲ. ವರ್ಷಕ್ಕೊಬ್ಬ ಮೇಯರ್ ಬದಲಾಗುತ್ತಿದ್ದರು. ಹಾರಕ್ಕೆ ಕೊರಳೊಡ್ಡಿ ಮುಗಿಸುವಷ್ಟರಲ್ಲಿ ಬೀಳ್ಕೊಡುಗೆ. ಸಭೆಯಲ್ಲಿ ಬಾವಿಗಿಳಿಯುವುದು, ಕೂಗಾಡುವುದು ಎಲ್ಲ ಇತ್ತು. ಆದರೆ ಬೈಯಲು ಒಬ್ಬ ಮನುಷ್ಯ ಇದ್ದ. ಬೆಳಿಗ್ಗೆ ಏಳಕ್ಕೆ ಅವನ ಮನೆ ಗೇಟಿನ ಹತ್ತಿರ ನಾಲ್ಕು ಜನ ಹೋಗಿ ನಿಂತರೆ ಲುಂಗಿಯಲ್ಲೇ ಹೊರಗೆ ಬರುತ್ತಿದ್ದ. ಕೆಲಸ ಆಗುತ್ತಿತ್ತೋ ಇಲ್ಲವೋ, ‘ಮಾಡಿಸ್ತೀನಿ ಸಾರ್’ ಎಂದು ಮುಖ ನೋಡಿ ಸುಳ್ಳು ಹೇಳುತ್ತಿದ್ದ. ಈಗ ಆ ಸುಳ್ಳನ್ನು ಆ್ಯಪ್ ಹೇಳುತ್ತದೆ: ‘ನಿಮ್ಮ ದೂರನ್ನು ಪರಿಹರಿಸಲಾಗಿದೆ.’

ಕೌನ್ಸಿಲ್ ಇಲ್ಲದಿದ್ದರೂ ನಿರ್ಧಾರಗಳಿಗೆ ಬರ ಇಲ್ಲ ನೋಡಿ. ಅದರಲ್ಲೂ ದೊಡ್ಡ ದೊಡ್ಡ ನಿರ್ಧಾರಗಳಿಗೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದೊಳಗೆ ಸುರಂಗ ಕೊರೆಯಬೇಕಂತೆ. ಉದ್ದ 16.75 ಕಿಲೋಮೀಟರ್. ಅಂದಾಜು ಸುಮಾರು 17,700 ಕೋಟಿ ರೂಪಾಯಿ. 2025-26ರಲ್ಲಿ ಬಿಬಿಎಂಪಿ ಇಡೀ ಊರಿಗೆ ಮಂಡಿಸಿದ ಬಜೆಟ್ಟೇ ಸುಮಾರು 19,900 ಕೋಟಿ. ಭಾಗಾಕಾರ ಮಾಡಿ ನೋಡಿ, ಒಂದು ಮೀಟರ್ ಸುರಂಗಕ್ಕೆ ಒಂದು ಕೋಟಿಗೂ ಮೇಲೆ. ಅದರೊಳಗೆ ನೀವು ನಡೆದು ಹೋಗುತ್ತೀರಿ ಅಂದುಕೊಳ್ಳಿ. ಎರಡು ಹೆಜ್ಜೆ ಇಟ್ಟಿರೋ, ಯಲಹಂಕದಲ್ಲಿ ಒಂದು ಒಳ್ಳೆಯ ಫ್ಲಾಟ್ ದಾಟಿದಿರಿ.

ನಡೆಯಲು ಬಿಡುವುದಿಲ್ಲ, ಬಿಡಿ. ಬೈಕಿಗೂ ಬಿಡುವುದಿಲ್ಲ, ಆಟೋಗೂ ಇಲ್ಲ ಎನ್ನುತ್ತದೆ ಯೋಜನೆ. ಈ ಊರಿನಲ್ಲಿ ಓಡುವ ಗಾಡಿಗಳಲ್ಲಿ ಹೆಚ್ಚಿನವು ದ್ವಿಚಕ್ರದವು. ಅವರು ಮೇಲೆಯೇ ಗುಂಡಿ ಎಣಿಸುತ್ತಾ ಬರಲಿ. ಕಾರಿನವರು ಮಾತ್ರ ಟೋಲ್ ಕಟ್ಟಿ ಪಾತಾಳಕ್ಕೆ ಇಳಿಯಲಿ. ಇದು ಯಾವ ನ್ಯಾಯ ಎಂದು ಕೇಳಿದವರಿಗೆ 2025ರ ಅಕ್ಟೋಬರ್‌ನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಒಂದು ಉತ್ತರ ಕೊಟ್ಟರು. ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡಲು ಜನ ಹಿಂದೆ ಮುಂದೆ ನೋಡುತ್ತಾರೆ ಎಂಬ ಅರ್ಥದ ಮಾತು. ಸಂಚಾರ ಎಂಜಿನಿಯರಿಂಗ್‌ನ ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಹೊಳಹು ಇದು. ಇಷ್ಟು ದಿನ ಸುರಂಗದ ಉಪಯೋಗ ಏನೆಂದು ತಲೆ ಕೆಡಿಸಿಕೊಂಡಿದ್ದ ನಮಗೆ ಈಗ ಗೊತ್ತಾಯಿತು. ಮ್ಯಾಟ್ರಿಮೋನಿ ಜಾಹೀರಾತು ಇನ್ನು ಮೇಲೆ ಹೀಗಿರಬಹುದು: ‘ವರ, 29 ವರ್ಷ, ಸಾಫ್ಟ್‌ವೇರ್, ಸ್ವಂತ ಕಾರು, ಸುರಂಗದ ಮಾಸಿಕ ಪಾಸ್ ಇದೆ.’

ಇಂಥ ಸುರಂಗದ ವಿವರವಾದ ಯೋಜನಾ ವರದಿ, ಅಂದರೆ ಡಿಪಿಆರ್, ಹೇಗಿತ್ತು ಗೊತ್ತಾ? ಕೋಟಿಗಟ್ಟಲೆ ಕೊಟ್ಟು ಒಂದು ಸಲಹಾ ಕಂಪನಿಯಿಂದ ಬರೆಸಿದ್ದು. ತೆರೆದು ನೋಡಿದರೆ ಬೆಂಗಳೂರಿನ ಟ್ರಾಫಿಕ್ ವಿಷಯ ಹೇಳುವಲ್ಲಿ ಮಾಲೆಗಾಂವ್, ನಾಸಿಕ್ ಹೆಸರು. ಹೆಬ್ಬಾಳದಲ್ಲಿ ಸುರಂಗಕ್ಕೆ ಇಳಿದವನು ನಾಸಿಕದಲ್ಲಿ ಮೇಲೆ ಬಂದರೆ ದ್ರಾಕ್ಷಿ ತರಬಹುದು ಎಂಬ ದೂರಾಲೋಚನೆ ಇದ್ದೀತು. ಪಾಲಿಕೆಗೆ ಸಿಟ್ಟು ಬಂತು. ಕಂಪನಿಗೆ 5 ಲಕ್ಷ ರೂಪಾಯಿ ದಂಡ ಹಾಕಿತು. ಅದೇ ಸುರಂಗದ ಲೆಕ್ಕದಲ್ಲಿ ಹೇಳುವುದಾದರೆ ಐದು ಸೆಂಟಿಮೀಟರ್ ಕೂಡ ಆಗದ ದುಡ್ಡು.

ಆಮೇಲೆ ಸುರಂಗಕ್ಕೆ ಲಾಲ್‌ಬಾಗಿನ ಜಾಗವೂ ಬೇಕು ಎಂದಾಗ ಗಲಾಟೆ ಅಲ್ಲಿಗೂ ಬಂತು. ಅಲ್ಲಿಯ ಬಂಡೆ 300 ಕೋಟಿ ವರ್ಷದಷ್ಟು ಹಳೆಯದು ಎನ್ನುತ್ತಾರೆ ಭೂವಿಜ್ಞಾನಿಗಳು. ಸುಮ್ನೆ ಕೂತಿರುವ ಬಂಡೆಗೂ ಈ ಊರಿನಲ್ಲಿ ನೆಮ್ಮದಿ ಇಲ್ಲ. ಬೆಳಗಿನ ವಾಕಿಂಗಿಗೆ ಬಂದವರು ಬೋರ್ಡ್ ಹಿಡಿದು ನಿಂತರು.

ಒಂದು ಸಣ್ಣ ಮಾತು. ಇದೇ ಊರಿನಲ್ಲಿ ಈಜಿಪುರದ ಫ್ಲೈಓವರ್ ಎಂದು ಒಂದಿದೆ. ಉದ್ದ ಎರಡೂವರೆ ಕಿಲೋಮೀಟರ್. ಕೆಲಸ ಶುರುವಾದದ್ದು 2017ರಲ್ಲಿ, ಮುಗಿಯಬೇಕಿದ್ದದ್ದು 2019ಕ್ಕೆ. 2025 ಮುಗಿದರೂ ಅದು ಮುಗಿದಿರಲಿಲ್ಲ. ಕೋರಮಂಗಲದ ಮಕ್ಕಳು ಆ ಕಂಬಗಳ ಕೆಳಗೆಯೇ ಹೈಸ್ಕೂಲು ಮುಗಿಸಿದರು.

ನೆಲದ ಕೆಳಗೆ ಸುರಂಗವಾದರೆ ಮೇಲೆ ಸ್ಕೈಡೆಕ್. 250 ಮೀಟರ್ ಎತ್ತರದ ಗೋಪುರ ಕಟ್ಟಿ ಅಲ್ಲಿಂದ ಬೆಂಗಳೂರು ನೋಡುವ ಆಸೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಅಜ್ಜಿ ಬೈಯುತ್ತಿದ್ದಳು. ನಾನು ಹಾಗೆ ಹೇಳುವುದಿಲ್ಲ. ಅಷ್ಟು ಎತ್ತರಕ್ಕೆ ಹೋದರೆ ಗುಂಡಿ ಕಾಣಿಸುವುದಿಲ್ಲ. ಊರನ್ನು ಚೆಂದ ಮಾಡುವ ಅತಿ ಅಗ್ಗದ ದಾರಿ ಇದೇ ಇರಬಹುದು.

ಸಣ್ಣ ವಿಷಯಗಳ ಕಡೆಗೂ ಗಮನ ಇಲ್ಲ ಅನ್ನಬೇಡಿ. 2025ರ ಜುಲೈನಲ್ಲಿ ಬಿಬಿಎಂಪಿ ಬೀದಿನಾಯಿಗಳಿಗೆ ಕೋಳಿ ಅನ್ನ ಹಾಕಲು 2.88 ಕೋಟಿ ರೂಪಾಯಿಯ ಟೆಂಡರ್ ಕರೆಯಿತು. ಸುಮಾರು 5,000 ನಾಯಿ, ಒಂದಕ್ಕೆ ದಿನಕ್ಕೆ 22.42 ರೂಪಾಯಿ. ಆ 42 ಪೈಸೆ ನೋಡಿ ನನಗೆ ಕಣ್ಣು ತುಂಬಿ ಬಂತು. ನಾಯಿಗೆ ಊಟ ಹಾಕುವುದು ತಪ್ಪು ಅಂತ ಅಲ್ಲ, ಪಾಪ, ಅವೂ ಹಸಿದಿರುತ್ತವೆ. ಪಾಲಿಕೆಗೆ ವೋಟು ಹಾಕಿ ಹತ್ತು ವರ್ಷ ದಾಟಿದ ಮೇಲೆ ಅವಕ್ಕೂ ನಮಗೂ ಅಂಥ ವ್ಯತ್ಯಾಸವೇನೂ ಉಳಿದಿಲ್ಲ. ಪೈಸೆ ಲೆಕ್ಕದಲ್ಲಿ ಯೋಚಿಸುವ ಶಕ್ತಿ ಇವರಿಗೆ ಇದೆ ಅಂತಾಯಿತಲ್ಲ, ಅದೇ ಖುಷಿ.

ಇದಕ್ಕಿಂತ ನನಗೆ ಇಷ್ಟವಾದದ್ದು ‘ಕಸ ಸುರಿಯುವ ಹಬ್ಬ’. ಹೆಸರು ನಾನು ಇಟ್ಟದ್ದಲ್ಲ. ದೀಪಾವಳಿ ಮುಗಿದು ಒಂದು ವಾರ ಆಗಿತ್ತು, 2025ರ ಅಕ್ಟೋಬರ್ 30. ರಸ್ತೆಗೆ ಕಸ ಎಸೆಯುವವರನ್ನು ಮಾರ್ಷಲ್‌ಗಳು ಮೊದಲೇ ವಿಡಿಯೋ ಮಾಡಿಟ್ಟುಕೊಂಡಿದ್ದರು. ಅವತ್ತು ಅವರ ಮನೆ ಹುಡುಕಿಕೊಂಡು ಹೋಗಿ, ಬಾಗಿಲ ಮುಂದೆಯೇ ಕಸ ಸುರಿದು ದಂಡ ಹಾಕಿದರು. ಯುಗಾದಿಗೆ ಬೇವು ಬೆಲ್ಲ, ಸಂಕ್ರಾಂತಿಗೆ ಎಳ್ಳು ಬೆಲ್ಲ, ಈ ಹಬ್ಬಕ್ಕೆ ನಿನ್ನೆಯ ಸಾರು, ಮೊನ್ನೆಯ ಡಯಾಪರ್. ಕಸ ಎಸೆದವರ ಮೇಲೆ ನನಗೆ ಕನಿಕರ ಇಲ್ಲ. ಕತ್ತಲಲ್ಲಿ ಹೆಲ್ಮೆಟ್ ತೆಗೆಯದೆ ಬಂದು ಕವರ್ ಬಿಸಾಕಿ ಹೋಗುವವರನ್ನು ನೋಡಿದವರಿಗೆ ಯಾರಿಗೂ ಇರುವುದಿಲ್ಲ. ಆದರೆ ಆ ವರ್ಷದ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕ ಬೇರೆ ಶುರುವಾಗಿತ್ತು. ಮನೆಯ ಅಳತೆ ನೋಡಿ ತಿಂಗಳಿಗೆ 10ರಿಂದ 400 ರೂಪಾಯಿವರೆಗೆ. ಕಸ ಒಯ್ಯಲು ದುಡ್ಡು ತೆಗೆದುಕೊಂಡವರೇ ಕಸ ತಂದು ಸುರಿದದ್ದು ಜಗತ್ತಿನ ಇನ್ಯಾವ ಊರಿನಲ್ಲಾದರೂ ಉಂಟಾ?

ಈ ನ್ಯಾಯ ನನಗೆ ಪೂರ್ತಿ ಒಪ್ಪಿಗೆ. ಒಂದೇ ಒಂದು ತಿದ್ದುಪಡಿ ಬೇಕು. ‘ಗುಂಡಿ ತೋಡುವ ಹಬ್ಬ’ ಎಂದು ಇನ್ನೊಂದು ಮಾಡಿ. ಯಾವ ಎಂಜಿನಿಯರ್ ಬಿಲ್ಲಿಗೆ ಸಹಿ ಹಾಕಿದ ರಸ್ತೆ ಮೊದಲ ಮಳೆಗೇ ಕಿತ್ತು ಬರುತ್ತದೋ ಅವರ ಮನೆ ಗೇಟಿನ ಮುಂದೆ ಅಷ್ಟೇ ಉದ್ದ, ಅಷ್ಟೇ ಆಳದ ಗುಂಡಿ. ವಿಡಿಯೋ ಬೇಕಿದ್ದರೆ ನಾವೇ ಮಾಡಿ ಕೊಡುತ್ತೇವೆ, ಮಾರ್ಷಲ್ ಬೇಡ.

ಗುಂಡಿ ಎಂದ ಕೂಡಲೇ ಗಡುವು ನೆನಪಾಗುತ್ತದೆ. 2025ರ ಫೆಬ್ರುವರಿಯಲ್ಲಿ ರಸ್ತೆಗಳ ಬಗ್ಗೆಯೇ ನಡೆದ ಕಾರ್ಯಾಗಾರದಲ್ಲಿ ಶಿವಕುಮಾರ್ ಅವರು, ದೇವರೇ ಇಳಿದು ಬಂದರೂ ಎರಡು ಮೂರು ವರ್ಷದಲ್ಲಿ ಬೆಂಗಳೂರನ್ನು ಬದಲಾಯಿಸಲು ಆಗುವುದಿಲ್ಲ ಎಂಬರ್ಥದಲ್ಲಿ ಮಾತನಾಡಿದ್ದರು. ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಗುಂಡಿ ಮುಚ್ಚಲು ಎಂಜಿನಿಯರ್‌ಗಳಿಗೆ ಒಂದು ತಿಂಗಳು ಕೊಟ್ಟರು. ದೇವರಿಗೆ ಸಿಗದ ಕಾಂಟ್ರಾಕ್ಟು ಅವರಿಗೆ ಸಿಕ್ಕಿತು. ಹತ್ತು ವರ್ಷದ ಹಿಂದೆ, 2015ರಲ್ಲಿ, ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ಒಂದು ಗುಂಡಿಯಲ್ಲಿ ಮೊಸಳೆ ಮಾಡಿ ಕೂರಿಸಿದ್ದರು. ಆಗ ಎಲ್ಲರೂ ನಕ್ಕೆವು. ಇವತ್ತು ಮೊಸಳೆ ಇಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ‘ಅದಕ್ಕೂ ಊಟದ ಟೆಂಡರ್ ಆಗಿದೆಯಾ?’ ಎಂದು ಕೇಳಿ ಮುಂದೆ ಹೋಗುತ್ತಾರೆ.

ನಮ್ಮ ಬೀದಿ ತಿರುವಿನಲ್ಲೂ ಒಂದು ಗುಂಡಿ ಇದೆ. ನೀರಿನ ಪೈಪಿಗೆ ಅಗೆದರು, ಮುಚ್ಚಿದರು. ಕೇಬಲ್ಲಿಗೆ ಅಗೆದರು, ಅರ್ಧ ಮುಚ್ಚಿದರು. ಯಾತಕ್ಕೋ ಇನ್ನೊಮ್ಮೆ ಅಗೆದರು, ಮುಚ್ಚಲೇ ಇಲ್ಲ. ಒಂದು ದಿನ ಇಬ್ಬರು ಬಂದು ಗುಂಡಿಯ ಸುತ್ತ ಬಿಳಿ ಬಣ್ಣದಲ್ಲಿ ಚೌಕ ಬರೆದರು. ಫೋಟೋ ತೆಗೆದರು. ಬೀದಿಗೆ ಬೀದಿಯೇ ಸಂಭ್ರಮಪಟ್ಟಿತು. ಮಳೆ ಬಂದು ಚೌಕ ಅಳಿಸಿಹೋಯಿತು. ಮತ್ತೆ ಬಂದು ಚೌಕ ಬರೆದರು. ಈ ಸಲ ಸ್ವಲ್ಪ ದೊಡ್ಡದು, ಯಾಕೆಂದರೆ ಗುಂಡಿಯೂ ಬೆಳೆದಿತ್ತು. ಕೇಳಿದರೆ, ‘ನಾವು ಮಾರ್ಕಿಂಗ್‌ನವರು ಸಾರ್, ಮುಚ್ಚೋರು ಬೇರೆ’. ಮುಚ್ಚುವವರಿಗೆ ಫೋನ್ ಮಾಡಿದರೆ, ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’. ಯಾರ ವ್ಯಾಪ್ತಿ ಎಂದರೆ, ‘ಐದಾಗಿದೆಯಲ್ಲ ಸಾರ್, ಇನ್ನೂ ಫೈಲು ಹಂಚಿಕೆ ಆಗ್ತಾ ಇದೆ’.

ಕೊನೆಗೆ ಯಾರೋ ಪುಣ್ಯಾತ್ಮರು ಬೈಕಿನವರು ಬೀಳದಿರಲಿ ಎಂದು ಗುಂಡಿಯ ಅಂಚಿಗೆ ಒಂದು ನುಗ್ಗೆ ಕೊಂಬೆ ನೆಟ್ಟರು. ನುಗ್ಗೆಯ ಗುಣ ನಿಮಗೆ ಗೊತ್ತಲ್ಲ, ಎಲ್ಲಿ ಚುಚ್ಚಿದರೂ ಬರುತ್ತದೆ. ಮಳೆಗೆ ಚಿಗುರಿತು. ಈಗ ಆಳೆತ್ತರ ಇದೆ, ಪಕ್ಕದ ಮನೆಯವರು ಸೊಪ್ಪು ಕೀಳುತ್ತಿದ್ದಾರೆ. ಇನ್ನು ಗುಂಡಿ ಮುಚ್ಚಬೇಕಾದರೆ ಮರ ತೆಗೆಯಲು ಬೇರೆ ಅಧಿಕಾರಿಯ ಅನುಮತಿ ಬೇಕಾದೀತು.

ಇತ್ತೀಚೆಗೆ ಆ ತಿರುವಿನ ಕರೆಂಟ್ ಕಂಬಕ್ಕೆ ಒಂದು ಫ್ಲೆಕ್ಸ್ ಬಿದ್ದಿದೆ. ‘ವಾರ್ಡಿನ ಮುಂದಿನ ಜನಪ್ರತಿನಿಧಿ, ಯುವ ಮುಖಂಡರಿಗೆ ಹುಟ್ಟುಹಬ್ಬದ ಶುಭಾಶಯ’. ಚುನಾವಣೆ ಯಾವಾಗಲಾದರೂ ಬರಲಿ, ಫ್ಲೆಕ್ಸ್ ಮೊದಲು ಬರುತ್ತದೆ. ಮೇಲಿನ ಸಾಲಿನಲ್ಲಿ ಪಕ್ಷದ ಹನ್ನೆರಡು ನಾಯಕರು, ಕೆಳಗೆ ಸ್ಟಾಂಪ್ ಸೈಜಿನ ಹದಿನೆಂಟು ಗೆಳೆಯರು, ನಡುವೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೈ ಮುಗಿದಿರುವ ಮುಖಂಡರು. ಅನಧಿಕೃತ ಫ್ಲೆಕ್ಸ್ ಹಾಕಬಾರದು ಎಂದು ಹೈಕೋರ್ಟ್ ಚಾಟಿ ಬೀಸಿದ್ದು 2018ರಲ್ಲಿ. ಅದಿರಲಿ. ಮನುಷ್ಯ ಒಳ್ಳೆಯವರೇ, ಟೀ ಅಂಗಡಿಯಲ್ಲಿ ಸಿಕ್ಕರು. ಗುಂಡಿಯ ಕಥೆ ಹೇಳಿದೆ. ಶ್ರದ್ಧೆಯಿಂದ ಕೇಳಿದರು. ಫೋನಿನಲ್ಲಿ ಹೊಸ ವಾರ್ಡಿನ ನಕ್ಷೆ ತೆಗೆದು, ಎರಡು ಬೆರಳಲ್ಲಿ ದೊಡ್ಡದು ಮಾಡಿ, ಗಡಿಯ ಗೆರೆಯನ್ನು ತಿರುವಿನವರೆಗೂ ಎಳೆದು ನೋಡಿದರು. ಆಮೇಲೆ ಬಹಳ ಬೇಜಾರಿನಿಂದ ಹೇಳಿದರು:

‘ಡಿಲಿಮಿಟೇಶನ್‌ನಲ್ಲಿ ಗುಂಡಿ ಪಕ್ಕದ ವಾರ್ಡಿಗೆ ಹೋಗಿಬಿಟ್ಟಿದೆ ಸಾರ್. ನುಗ್ಗೆ ಗಿಡ ಮಾತ್ರ ನಮ್ಮದು.’